ಸ್ಟೈರೀನ್: ಉಪಯೋಗ ಮತ್ತು ಎಚ್ಚರಿಕೆ

ಮೊಸರಿನ ಪ್ಲಾಸ್ಟಿಕ್ ಬಟ್ಟಲು, ರೆಫ್ರಿಜರೇಟರಿನ ಒಳಗೋಡೆ, ಸಾಮಾನು ಒಡೆಯದಂತೆ ಪೆಟ್ಟಿಗೆಯಲ್ಲಿಡುವ ಥರ್ಮಾಕೋಲ್ ಮುಂತಾದವುಗಳ ತಯಾರಿಕೆಯಲ್ಲಿ ಬಳಕೆಯಾಗುವ ಸಾವಯವ ರಾಸಾಯನಿಕವೇ ಸ್ಟೈರೀನ್.

ಬೆಂಜೀನ್ ಮತ್ತು ಎಥಿಲೀನ್‌ಗಳಿಂದ ಈಥೈಲ್ ಬೆಂಜೀನನ್ನು ತಯಾರಿಸಿ, ಅದರಿಂದ ಹೈಡ್ರೋಜನನ್ನು ಬೇರ್ಪಡಿಸಿದಾಗ ಸ್ಟೈರೀನ್ ದೊರೆಯುತ್ತದೆ. ಇದು ಬಣ್ಣವಿಲ್ಲದ, ಸುಲಭವಾಗಿ ಹೊತ್ತಿಕೊಳ್ಳುವ ದ್ರವ. ಕುದಿಯುವ ಬಿಂದು ಸುಮಾರು 145 ಡಿಗ್ರಿ ಸೆಲ್ಸಿಯಸ್. ಇದರ ಅಣುಗಳು ಸರಪಳಿಯಂತೆ ಜೋಡಿಕೊಂಡಾಗ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ ಉಂಟಾಗುತ್ತದೆ.

ಈ ಗುಣವೇ ಅಪಾಯಕ್ಕೂ ಕಾರಣವಾಗಬಲ್ಲದು. ಅಣುಗಳು ಜೋಡಿಕೊಳ್ಳುವಾಗ ಶಾಖವು ಹೊರಬೀಳುತ್ತದೆ. ಶಾಖ ಹೆಚ್ಚಿದಂತೆ ಕ್ರಿಯೆಯ ವೇಗವೂ ಹೆಚ್ಚುತ್ತದೆ. ಆದುದರಿಂದ ಸಂಗ್ರಹಿಸಿದ ಸ್ಟೈರೀನನ್ನು ತಂಪಾಗಿಟ್ಟು, ಕ್ರಿಯೆಯನ್ನು ತಡೆಯುವ ರಾಸಾಯನಿಕವನ್ನು ಅದರಲ್ಲಿ ಬೆರೆಸಿರಬೇಕು. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಕಾರ್ಖಾನೆಯೊಂದರಲ್ಲಿ ಸಂಗ್ರಹ ತೊಟ್ಟಿಯ ತಾಪವು ಮಿತಿಮೀರಿ, ಆವಿಯು ಸುತ್ತಲಿನ ವಸತಿಗಳಿಗೆ ಹರಡಿತು. ಕಾರ್ಖಾನೆಯು ಲಾಕ್‌ಡೌನ್ ಕಾರಣ ಮುಚ್ಚಿದ್ದರೂ ತೊಟ್ಟಿಯಲ್ಲಿ ಸ್ಟೈರೀನ್ ಉಳಿದಿತ್ತು. ಈ ದುರಂತದಲ್ಲಿ 12 ಮಂದಿ ಪ್ರಾಣ ಕಳೆದುಕೊಂಡರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ಯಂತ್ರಗಳು ನಿಂತರೂ ಕಾವಲು ನಿಲ್ಲಬಾರದೆಂಬುದು ಇದರಿಂದ ತಿಳಿಯುವ ಪಾಠ.

ಸ್ಟೈರೀನಿನ ಆವಿಯು ಗಾಳಿಗಿಂತ ಭಾರವಾದುದರಿಂದ ತಗ್ಗಿನಲ್ಲಿ ಶೇಖರವಾಗುತ್ತದೆ. ಕಣ್ಣು, ಮೂಗು, ಗಂಟಲುಗಳಲ್ಲಿ ಉರಿ, ತಲೆಸುತ್ತು, ಮಂಪರು ಇದರ ಲಕ್ಷಣಗಳು. ಸೋರಿಕೆಯ ಸೂಚನೆ ದೊರೆತೊಡನೆ ಬೆಂಕಿಕಡ್ಡಿ ಗೀರದೆ, ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ನಡೆದು ಎತ್ತರದ ಸ್ಥಳವನ್ನು ಸೇರಬೇಕು. ಕಣ್ಣು ಉರಿದರೆ ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು, ವಿಳಂಬವಿಲ್ಲದೆ ವೈದ್ಯರನ್ನು ಕಾಣಬೇಕು. ಕಾರ್ಖಾನೆಯ ನೆರೆಯಲ್ಲಿ ವಾಸಿಸುವವರು ಅಲ್ಲಿ ಸಂಗ್ರಹವಾಗಿರುವ ವಸ್ತುಗಳನ್ನೂ ಅಪಾಯದ ಸೈರನ್‌ನ ಅರ್ಥವನ್ನೂ ಮೊದಲೇ ತಿಳಿದುಕೊಂಡಿರುವುದು ಅವಶ್ಯಕ.