ಉಪಾಧ್ಯಾಯರ ನಡುವಣ ವಿದ್ಯಾದಾಸೋಹ

ಮಕ್ಕಳಿಗೆ ಕಲಿಸುವುದು ಉಪಾಧ್ಯಾಯನ ಕಾಯಕ. ಅದಕ್ಕೆ ವೇತನವುಂಟು, ವೇಳಾಪತ್ರಿಕೆಯುಂಟು, ಪರೀಕ್ಷೆಯ ಫಲಿತಾಂಶವೆಂಬ ಅಳತೆಗೋಲೂ ಉಂಟು. ಆದರೆ ಒಬ್ಬ ಉಪಾಧ್ಯಾಯನು ತಾನು ಕಂಡುಕೊಂಡ ಬೋಧನಕ್ರಮವನ್ನು ಇನ್ನೊಬ್ಬನಿಗೆ ತಿಳಿಸುವುದಕ್ಕೆ, ಹೊಸದಾಗಿ ಬಂದ ಸಹೋದ್ಯೋಗಿಯ ಸಂಶಯವನ್ನು ಸಂಜೆ ಕುಳಿತು ಪರಿಹರಿಸುವುದಕ್ಕೆ, ವರ್ಷಗಟ್ಟಲೆ ಬರೆದಿಟ್ಟ ಟಿಪ್ಪಣಿಯನ್ನು ಕೇಳಿದವರ ಕೈಗೆ ಕೊಡುವುದಕ್ಕೆ ಯಾವ ವೇತನವೂ ಇಲ್ಲ. ಅದನ್ನು ದಾಖಲಿಸುವ ಪುಸ್ತಕವೂ ಇಲ್ಲ. ಆದರೂ ಹಾಗೆ ಮಾಡಿದವರು ಹಿಂದೆ ಇದ್ದರು, ಇಂದಿಗೂ ಇದ್ದಾರೆ. ಅದರಿಂದ ಅವರಿಗೆ ದೊರೆಯುವ ಫಲವೇನೆಂಬುದು ವಿಚಾರಾರ್ಹವಾದ ವಿಷಯ.

ದಾನ ಮತ್ತು ದಾಸೋಹ ಎಂಬ ಎರಡು ಪದಗಳನ್ನು ಸಾಮಾನ್ಯವಾಗಿ ಒಂದೇ ಅರ್ಥದಲ್ಲಿ ಬಳಸುವುದುಂಟು. ಆದರೆ ಶರಣರು ಇವುಗಳಲ್ಲಿ ಭೇದವನ್ನೆಣಿಸಿದರು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಸ್ವೀಕರಿಸುವವನು ಅವನ ಕಾಯಕವನ್ನು ಸಾರ್ಥಕಗೊಳಿಸುವವನು. ಅನ್ನದ ವಿಷಯದಲ್ಲಿ ಈ ಮಾತು ಬೇಗ ತಿಳಿಯುತ್ತದೆ. ವಿದ್ಯೆಯ ವಿಷಯದಲ್ಲಿ ಅದು ಇನ್ನೂ ಹೆಚ್ಚು ನಿಜ. ಅದನ್ನು ಒಂದು ಸಣ್ಣ ನಿದರ್ಶನದಿಂದ ಮನಗಾಣಬಹುದು.

ಹಳ್ಳಿಯ ಶಾಲೆಗೆ ಹೊಸದಾಗಿ ನೇಮಕವಾದ ಶಿಕ್ಷಕನೊಬ್ಬನು ಸಂಧಿಪ್ರಕರಣವನ್ನು ಪಾಠ ಹೇಳುತ್ತಿರುವನೆಂದು ಭಾವಿಸೋಣ. ‘ಊರು + ಅಲ್ಲಿ’ ಎಂಬುದು ‘ಊರಲ್ಲಿ’ ಎಂದಾಗುತ್ತದೆ; ಅದು ಲೋಪಸಂಧಿ. ‘ಗುರು + ಅನ್ನು’ ಎಂಬುದು ‘ಗುರುವನ್ನು’ ಎಂದಾಗುತ್ತದೆ; ಅದು ಆಗಮಸಂಧಿ. ಎರಡು ಪದಗಳೂ ಉಕಾರಾಂತವಾಗಿರಲು ಒಂದರಲ್ಲಿ ಉಕಾರವು ಹೋಗುವುದೇಕೆ, ಇನ್ನೊಂದರಲ್ಲಿ ನಿಲ್ಲುವುದೇಕೆ ಎಂದು ಬಾಲಕನೊಬ್ಬನು ಕೇಳುತ್ತಾನೆ. ಶಿಕ್ಷಕನಿಗೆ ಉತ್ತರ ತೋಚದು. ಅವನು ತನ್ನ ಶಾಲೆಯ ಹಿರಿಯ ಪಂಡಿತರನ್ನು ಕೇಳುತ್ತಾನೆ. ಅರ್ಥ ಕೆಡುವಲ್ಲಿ ಲೋಪ ಸಲ್ಲದೆಂಬ ಸೂತ್ರ ಪಂಡಿತರಿಗೆ ಬಾಯಿಪಾಠ. ಆದರೆ ಬಾಲಕನಿಗೆ ಸೂತ್ರ ಸಾಲದು, ಕಾರಣ ಬೇಕು. ಆಗ ಅವರು ಹಳಗನ್ನಡಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ಆ ಪದವು ‘ಊರ್’ ಎಂಬ ವ್ಯಂಜನಾಂತ; ಕಡೆಯ ಉಕಾರವು ಉಚ್ಚಾರಣೆಗಾಗಿ ಆಮೇಲೆ ಬಂದು ಸೇರಿದ್ದು. ‘ಗುರು’ ಸಂಸ್ಕೃತದಿಂದ ಬಂದ ಪದ. ಅದರ ಉಕಾರ ಹುಟ್ಟಿನಿಂದಲೇ ಬಂದದ್ದು. ಬಂದು ಸೇರಿದ್ದು ಬಿಟ್ಟುಹೋಗುತ್ತದೆ, ಹುಟ್ಟಿನಿಂದ ಬಂದದ್ದು ನಿಲ್ಲುತ್ತದೆ. ಈ ಉತ್ತರದಿಂದ ಬಾಲಕನ ಸಂಶಯ ಕಳೆಯಿತು, ತರುಣ ಶಿಕ್ಷಕನ ಮಾನ ಉಳಿಯಿತು. ಎಲ್ಲಕ್ಕಿಂತ ಹೆಚ್ಚಿನ ಲಾಭ ಪಂಡಿತರದು. ಅನೇಕ ವರ್ಷ ಕಂಠಸ್ಥವಾಗಿದ್ದ ಸೂತ್ರವು ಅಂದು ಅವರಿಗೆ ಹೃದ್ಗತವಾಯಿತು. ಕೇಳುವವನು ಬಾರದಿದ್ದರೆ ಈ ಲಾಭವೂ ಇರುತ್ತಿರಲಿಲ್ಲ.

ಒಬ್ಬರಿಗೊಬ್ಬರು ಹೀಗೆ ನೆರವಾಗುವ ಶಿಕ್ಷಕಸಮುದಾಯವು ಈ ನಾಡಿನಲ್ಲಿ ತಾನಾಗಿ ಬೆಳೆದುದಲ್ಲ. ಬೆಳಗಾವಿ, ಧಾರವಾಡ ಪ್ರಾಂತಗಳು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ ಶಾಲೆಗಳಲ್ಲಿ ಮರಾಠಿಯೇ ಪ್ರಬಲವಾಗಿತ್ತು. ಕನ್ನಡದಲ್ಲಿ ಕಲಿಸಬಲ್ಲ ಶಿಕ್ಷಕರೂ ವಿರಳ, ಪಠ್ಯಗಳೂ ವಿರಳ. ಆ ಹೊತ್ತಿನಲ್ಲಿ ಶಿಕ್ಷಣ ಇಲಾಖೆಯಲ್ಲಿದ್ದ ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಶ್ರಮಿಸಿದರು. 1860ರ ದಶಕದಲ್ಲಿ ಶಿಕ್ಷಕರಿಗಾಗಿಯೇ ‘ಮಠಪತ್ರಿಕೆ’ ಹೊರಟಿತು. ಅಂದಿನ ಬಳಕೆಯಲ್ಲಿ ಮಠವೆಂದರೆ ಶಾಲೆಯೂ ಹೌದು. ದೂರದ ಹಳ್ಳಿಯಲ್ಲಿ ಒಬ್ಬಂಟಿಗನಾಗಿದ್ದ ಮಾಸ್ತರನಿಗೆ ತನ್ನಂತೆಯೇ ಕಷ್ಟಪಡುವವರು ಬೇರೆಡೆಯೂ ಇದ್ದಾರೆಂಬ ಅರಿವನ್ನು ಇಂತಹ ಪತ್ರಿಕೆಯೊಂದು ತಂದುಕೊಡಬಲ್ಲದು; ಆ ಅರಿವೇ ಅರ್ಧ ಬಲ. 1881ರಲ್ಲಿ ಚೆನ್ನಬಸಪ್ಪನವರು ಕಾಲವಾದರು. ಪತ್ರಿಕೆಯ ಪರಂಪರೆ ಮಾತ್ರ ನಿಲ್ಲದೆ, ಮುಂದೆ ‘ಜೀವನ ಶಿಕ್ಷಣ’ ಎಂಬ ಹೆಸರಿನಲ್ಲಿ ಧಾರವಾಡದಿಂದ ಸಾಗಿತು.

ಇನ್ನೊಂದು ನಿದರ್ಶನ ಬೆಳಗಾವಿಯದು. 1916ರ ನವೆಂಬರ್ 13ರಂದು ಏಳು ಮಂದಿ ತರುಣರು ಸೇರಿ ಅಲ್ಲಿ ಶಾಲೆಯೊಂದನ್ನು ತೆರೆದರು. ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ಆರಂಭವದು. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ, ಬಿ. ಬಿ. ಮಮದಾಪುರ, ಬಿ. ಎಸ್. ಹಂಚಿನಾಳ ಮೊದಲಾದ ಆ ಏಳು ಜನರನ್ನು ನಾಡು ಸಪ್ತರ್ಷಿಗಳೆಂದು ಕರೆಯಿತು. ಓದು ಮುಗಿಸಿದವರಿಗೆ ಬೇರೆ ದಾರಿಗಳೂ ತೆರೆದಿದ್ದ ಕಾಲದಲ್ಲಿ ಅವರು ಅಲ್ಪ ವೇತನದ ಶಿಕ್ಷಕವೃತ್ತಿಯನ್ನು ಆಯ್ದುಕೊಂಡರು. ಅವರ ಪ್ರೌಢಶಾಲೆಗೆ ದಾನಿಗಳಾದ ಗಿಲಗಂಚಿ ಮತ್ತು ಅರಟಾಳ ಮನೆತನಗಳ ಹೆಸರುಗಳು ನಿಂತವು. 1933ರಲ್ಲಿ ತೆರೆದ ಕಾಲೇಜಿಗೆ ಶಿರಸಂಗಿಯ ಲಿಂಗರಾಜ ದೇಸಾಯಿಯವರ ಹೆಸರಾಯಿತು. ಯರಗಟ್ಟಿಯ ಸೀಮೆಗೆ ನೆರೆಯವರಾದ ಲಿಂಗರಾಜರು (1861–1906) ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ವಿದ್ಯಾರ್ಥಿಗಳ ಓದಿಗೆ ಮೀಸಲಿಟ್ಟು ಹೋದವರು. ದಾನಿಯ ಧನ ಕಟ್ಟಡವಾಗಿ ಕಾಣುತ್ತದೆ. ಶಿಕ್ಷಕನು ಶಿಕ್ಷಕನಿಗೆ ಕೊಟ್ಟದ್ದು ಕಣ್ಣಿಗೆ ಕಾಣದು. ಆದರೆ ಎರಡೂ ಕೂಡಿದಾಗಲೇ ವಿದ್ಯಾಲಯ.

ಆ ಕಾಣದ ಕೊಡುಗೆ ಒಮ್ಮೊಮ್ಮೆ ಗ್ರಂಥರೂಪದಲ್ಲಿ ಕಣ್ಣಿಗೆ ಬೀಳುವುದುಂಟು. ಲಿಂಗರಾಜ ಕಾಲೇಜಿನಲ್ಲಿ ಕೆ. ಆರ್. ಶ್ರೀನಿವಾಸ ಅಯ್ಯಂಗಾರ್ಯರು ಇಂಗ್ಲಿಷ್ ಅಧ್ಯಾಪಕರಾಗಿದ್ದರು; ಅವರ ಮನೆಮಾತು ತಮಿಳು. ಬಸವನಾಳರಿಗೆ ವಚನಸಾಹಿತ್ಯವು ಕರತಲಾಮಲಕ. ಒಬ್ಬರ ಕನ್ನಡ ಪಾಂಡಿತ್ಯವೂ ಇನ್ನೊಬ್ಬರ ಇಂಗ್ಲಿಷ್ ಪಾಂಡಿತ್ಯವೂ ಒಂದಾಗಿ 1940ರಲ್ಲಿ ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವು ಇಬ್ಬರ ಹೆಸರಿನಲ್ಲಿ ಪ್ರಕಟವಾಯಿತು. ಒಬ್ಬರಿಂದಲೇ ಆಗದಿದ್ದ ಕಾರ್ಯ ಅದು. ಯಾರು ಯಾರಿಗೆ ನೆರವಾದರೆಂದು ಅಲ್ಲಿ ಲೆಕ್ಕ ಹಾಕಲು ಬಾರದು.

ಈ ದಾಸೋಹಕ್ಕೂ ಕೆಲವು ಎಚ್ಚರಗಳುಂಟು. ನೆರವು ಕೇಳಿದವನನ್ನು ಅಜ್ಞಾನಿಯೆಂದು ಎಣಿಸಿದರೆ ಅದು ದಾನದ ಮಟ್ಟಕ್ಕೂ ನಿಲ್ಲದು. ನಾಳೆ ಅವನು ಕೇಳುವುದನ್ನೇ ಬಿಡುವನು, ಅವನ ತರಗತಿಯ ಮಕ್ಕಳಿಗೆ ಅದರ ನಷ್ಟ. ತನ್ನ ತರಗತಿಯನ್ನು ಕಡೆಗಣಿಸಿ ಊರವರಿಗೆಲ್ಲ ಬುದ್ಧಿ ಹೇಳಹೊರಡುವುದೂ ಸಲ್ಲದು. ಕಾಯಕ ಕೆಟ್ಟ ಮೇಲೆ ದಾಸೋಹಕ್ಕೆ ಮೂಲವೆಲ್ಲಿ? ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ಆಯ್ದು ತಂದಾಗ ಪತ್ನಿ ಲಕ್ಕಮ್ಮನು ಅದನ್ನು ಮರಳಿ ಚೆಲ್ಲಿ ಬರಲು ಹೇಳಿದಳೆಂಬ ಕಥೆ ಪ್ರಸಿದ್ಧ. ಬೇಕಾದುದಕ್ಕಿಂತ ಹೆಚ್ಚಿನದನ್ನು ಮನೆಯಲ್ಲಿ ಕೂಡಿಡಬಾರದೆಂಬುದು ಅದರ ಇಂಗಿತ. ಪೆಟ್ಟಿಗೆಯಲ್ಲಿ ಕೊಳೆಯುವ ಟಿಪ್ಪಣಿಗಳಿಗೂ, ತನ್ನೊಡನೆಯೇ ಅಳಿಯುವ ಅನುಭವಕ್ಕೂ ಈ ಇಂಗಿತವು ಅನ್ವಯಿಸುತ್ತದೆ.

ಹಿಂದೆ ಪತ್ರಿಕೆ, ಅಂಚೆಯ ಕಾಗದ, ಇಂದು ದೂರವಾಣಿ. ಸಾಧನಗಳು ಬದಲಾಗಿವೆ. ಆದರೆ ಮೊದಲ ವರ್ಷದ ಶಿಕ್ಷಕನು ಸಂಜೆ ಖಾಲಿ ತರಗತಿಯಲ್ಲಿ ಕುಳಿತು ‘ಈ ವೃತ್ತಿ ತನ್ನಿಂದಾದೀತೆ?’ ಎಂದು ಚಿಂತಿಸುವುದು ಬದಲಾಗಿಲ್ಲ. ಆ ಗಳಿಗೆಯಲ್ಲಿ ಹಿರಿಯನೊಬ್ಬನು ಪಕ್ಕದ ಬೆಂಚಿನ ಮೇಲೆ ಕುಳಿತು ‘ಯಾವ ಪಾಠ ತೊಡಕಾಯಿತಪ್ಪಾ?’ ಎಂದು ಕೇಳಿದರೆ ವೃತ್ತಿಗೆ ಒಬ್ಬ ಶಿಕ್ಷಕನು ಉಳಿಯುತ್ತಾನೆ. ತನ್ನ ಬಾಳಿನ ದುಡಿಮೆ ವ್ಯರ್ಥವಾಗಲಿಲ್ಲವೆಂಬ ನೆಮ್ಮದಿ ಆ ಹಿರಿಯನಿಗೂ ಅಂದೇ ದೊರೆಯುತ್ತದೆ. ವಿದ್ಯಾದಾಸೋಹದ ಫಲವೆಂದರೆ ಇದೇ.