ಬಜೆಟ್ ಮಾತು, ಹಾಲಿನ ಬಟವಾಡೆ ಮತ್ತು ನಿಮ್ಮ ಹೆಸರಿನ ಖಾತೆ



ಫೆಬ್ರವರಿ 1ಕ್ಕೆ ಕೇಂದ್ರದ ಬಜೆಟ್, ಮಾರ್ಚ್ ತಿಂಗಳಲ್ಲಿ ರಾಜ್ಯದ ಬಜೆಟ್. ಅದಾದ ಮೇಲೆ ಒಂದೆರಡು ತಿಂಗಳು ಬೆಳಗ್ಗೆ ಸಂಘದ ಮುಂದೆ ಕ್ಯಾನು ಹಿಡಿದು ನಿಂತಾಗ ಕಿವಿಗೆ ಬೀಳುವ ಮಾತುಗಳು ನಿಮಗೆ ಗೊತ್ತೇ ಇವೆ. "ಹಾಲಿಗೂ ತೆರಿಗೆ ಹಾಕಿದರಂತೆ." "ಖಾತೆಗೆ ಜಾಸ್ತಿ ದುಡ್ಡು ಬಂದರೆ ಗೃಹಲಕ್ಷ್ಮಿ ನಿಲ್ಲಿಸುತ್ತಾರಂತೆ." "ಫೋನಿನಲ್ಲಿ ದುಡ್ಡು ತಗೊಂಡರೆ ನೋಟಿಸ್ ಬರುತ್ತದಂತೆ." ಈ 'ಅಂತೆ'ಗಳಲ್ಲಿ ಪೂರಾ ಸುಳ್ಳು ಕಡಿಮೆ, ಅರ್ಧ ನಿಜವೇ ಹೆಚ್ಚು. ಪೂರಾ ಸುಳ್ಳಾದರೆ ನಗಾಡಿ ಬಿಟ್ಟುಬಿಡಬಹುದು. ಅರ್ಧ ನಿಜ ಕೇಳಿದವರು ಹೆದರಿ, ಬಟವಾಡೆ ಹಣವನ್ನು ಯಜಮಾನರ ಖಾತೆಗೆ ಹಾಕಿಸಿಬಿಡೋಣವೇ, ಸಂಘದ ಪುಸ್ತಕದಲ್ಲಿ ಹೆಸರು ಬದಲಾಯಿಸಿಬಿಡೋಣವೇ ಎಂದು ಯೋಚಿಸುತ್ತಾರೆ. ಹಾಗೆ ಮಾಡುವ ಮೊದಲು ಈ ಪಾಠ ಓದಿ. ಓದಲು ಬಾರದ ಅತ್ತೆಯವರಿದ್ದರೆ ಓದಿ ಹೇಳಿ.

ಮೊದಲು ಬೆಲೆ ಮತ್ತು ತೆರಿಗೆ ಬೇರೆ ಬೇರೆ ಎಂಬುದನ್ನು ನೋಡೋಣ. ಹಸಿ ಹಾಲಿಗೆ ಜಿಎಸ್‌ಟಿ ಇಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ದಿನದಿಂದಲೂ ಇಲ್ಲ. ನೀವು ಸಂಘಕ್ಕೆ ಹಾಕುವ ಹಾಲಿಗೂ ಇಲ್ಲ, ಪಕ್ಕದ ಮನೆಗೆ ಹಾಕುವ ವರ್ತನೆ ಹಾಲಿಗೂ ಇಲ್ಲ, ಅಂಗಡಿಯ ಮಾಮೂಲಿ ಪ್ಯಾಕೆಟ್ ಹಾಲಿಗೂ ಇಲ್ಲ. ದನದ ಆಹಾರಕ್ಕೂ ಇಲ್ಲ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂ. ಏರಿದಾಗ ಬೆಂಗಳೂರಿನಲ್ಲಿ ದೊಡ್ಡ ಗಲಾಟೆಯೇ ಆಯಿತು. ಆ ವರ್ಷದ ಮೊದಲ ತಿಂಗಳುಗಳಲ್ಲಿ ಬಸ್ಸು, ಮೆಟ್ರೊ ದರ ಏರಿದ್ದವು, ಏಪ್ರಿಲ್‌ಗೆ ಕರೆಂಟಿನ ದರವೂ ಏರಿತು. ಎಲ್ಲವೂ ಒಟ್ಟಿಗೆ ಬಂದಿದ್ದರಿಂದ ಜನ ಹಾಲನ್ನೂ ಸೇರಿಸಿ "ಸರ್ಕಾರ ತೆರಿಗೆ ಹಾಕಿತು" ಎಂದರು. ಆದರೆ ಆ 4 ರೂ. ಖಜಾನೆಗೆ ಹೋಗುವ ಹಣವಲ್ಲ. ಉತ್ಪಾದಕರಿಗೆ ಕೊಡಲೆಂದೇ ಏರಿಸಿದ್ದು.

ತಲಘಟ್ಟಪುರದಂಥ ಕಡೆ ಇದರ ಎರಡೂ ಮುಖ ಒಂದೇ ಬೀದಿಯಲ್ಲಿ ಕಾಣುತ್ತದೆ. ಕನಕಪುರ ರಸ್ತೆಯ ಈ ಕಡೆ ಅಪಾರ್ಟ್‌ಮೆಂಟಿನಲ್ಲಿ ದಿನಕ್ಕೆ ಎರಡು ಪ್ಯಾಕೆಟ್ ಕೊಳ್ಳುವ ಮನೆಗೆ 4 ರೂ. ಭಾರ. ರಸ್ತೆಯ ಆ ಕಡೆ ಇನ್ನೂ ಕೊಟ್ಟಿಗೆ ಉಳಿಸಿಕೊಂಡು, ಮೆಟ್ರೊ ಕಂಬದ ನೆರಳಲ್ಲಿ ಮೇವು ಹೊತ್ತು ತರುವವಳಿಗೆ ಅದೇ 4 ರೂ. ಸಾಲದು. ಇಬ್ಬರ ದೂರೂ ನಿಜವೇ. ದಿನಕ್ಕೆ 10 ಲೀಟರ್ ಹಾಕುವವರಿಗೆ 4 ರೂ. ಎಂದರೆ ತಿಂಗಳಿಗೆ 1,200 ರೂ. ಒಂದೆರಡು ಮೂಟೆ ಹಿಂಡಿ ಬೂಸಾಕ್ಕೆ ಅದು ಮುಗಿಯುತ್ತದೆ.

ಹಾಗಾದರೆ ತೆರಿಗೆ ನಮ್ಮನ್ನು ಮುಟ್ಟುವುದೇ ಇಲ್ಲವೇ? ಮುಟ್ಟುತ್ತದೆ, ಹಿತ್ತಲ ಬಾಗಿಲಿನಿಂದ. ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಏರಿಸಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಏರಿಸಿ ಶೇ 21.17 ಮಾಡಿತು. ಹಾಲಿನ ಲಾರಿ, ಹುಲ್ಲು ತರುವ ಟೆಂಪೊ, ಮೇವು ಕೊಯ್ಯುವ ಯಂತ್ರ ಎಲ್ಲವೂ ಓಡುವುದು ಡೀಸೆಲ್ಲಿನಲ್ಲೇ. ಪೇಟೆಯವರು ಹಾಲಿನ ದರಕ್ಕೆ ಕೂಗಿದಷ್ಟು ನಾವು ಡೀಸೆಲ್ ತೆರಿಗೆಗೆ ಕೂಗಲಿಲ್ಲ ಎಂದು ನನಗೆ ಅನಿಸುತ್ತದೆ. ಅದು ಚೀಟಿಯಲ್ಲಿ ಬೇರೆಯಾಗಿ ಕಾಣದಿರುವುದೇ ಕಾರಣ.

ಇನ್ನು ಹಾಲಿನ ಉತ್ಪನ್ನಗಳು. 2022ರ ಜುಲೈ 18ರಿಂದ ಪ್ಯಾಕೆಟ್ ಮಾಡಿ ಲೇಬಲ್ ಹಚ್ಚಿದ ಮೊಸರು, ಮಜ್ಜಿಗೆ, ಲಸ್ಸಿಗೆ ಶೇ 5 ಜಿಎಸ್‌ಟಿ ಬಂತು. 10 ರೂಪಾಯಿಯ ಸಣ್ಣ ಮೊಸರಿನ ಪ್ಯಾಕೆಟ್ಟಿಗೆ ಮಹಾಮಂಡಳಿ ಮೊದಲು 12 ರೂ. ಎಂದಿತು. ಜನ ಲೆಕ್ಕ ಹಾಕಿದರು: 10 ರೂಪಾಯಿಗೆ ಶೇ 5 ಎಂದರೆ 50 ಪೈಸೆ, 2 ರೂ. ಹೇಗಾಯಿತು? ಆಕ್ಷೇಪ ಬಂದ ಕೂಡಲೇ ದರವನ್ನು 10 ರೂ. 50 ಪೈಸೆಗೆ ಇಳಿಸಬೇಕಾಯಿತು. ಸುಮ್ಮನೆ ಬೈದಿದ್ದರೆ ಇದು ಆಗುತ್ತಿರಲಿಲ್ಲ. ಶೇಕಡಾ ಲೆಕ್ಕ ಹಿಡಿದು ಕೇಳಿದ್ದರಿಂದ ಆಯಿತು.

2025ರ ಸೆಪ್ಟೆಂಬರ್ 22ರಂದು ಇದಕ್ಕೆ ಉಲ್ಟಾ ನಡೆಯಿತು. ತುಪ್ಪ, ಬೆಣ್ಣೆ, ಚೀಸ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಪ್ಯಾಕ್ ಮಾಡಿದ ಪನೀರ್ ಮತ್ತು ಗುಡ್‌ಲೈಫ್‌ನಂಥ ಹೆಚ್ಚು ದಿನ ಬಾಳುವ ಹಾಲಿಗೆ ಪೂರ್ತಿ ತೆಗೆದರು. ನೀವು ಕೊಳ್ಳುವ ಹಾಲಿನ ಕ್ಯಾನಿಗೂ ಶೇ 12 ಹೋಗಿ ಶೇ 5 ಆಯಿತು. ನಂದಿನಿ ತುಪ್ಪ ಲೀಟರಿಗೆ 650 ರೂ. ಇದ್ದದ್ದು 610 ರೂ. ಆಯಿತು. ಆಗ "ತುಪ್ಪದ ಬೆಲೆ ಇಳಿಸಿದರು, ಇನ್ನು ನಮ್ಮ ಹಾಲಿನ ಬೆಲೆಗೂ ಕತ್ತರಿ" ಎಂಬ ಮಾತು ಹುಟ್ಟಿತು. ಈ ಲೆಕ್ಕ ನೋಡಿ. 650 ರೂಪಾಯಿಯಲ್ಲಿ ಶೇ 12 ತೆರಿಗೆ ತೆಗೆದರೆ ಉಳಿಯುವ ಮೂಲ ಬೆಲೆ ಸುಮಾರು 580 ರೂ. ಅದೇ 580ಕ್ಕೆ ಶೇ 5 ಸೇರಿಸಿದರೆ ಸುಮಾರು 610. ಇಳಿದದ್ದು ತೆರಿಗೆ ಮಾತ್ರ, ಮೂಲ ಬೆಲೆ ಇದ್ದ ಹಾಗೇ ಇದೆ. ಮುಂದೆ ನವೆಂಬರ್‌ನಲ್ಲಿ ತುಪ್ಪ 700 ರೂ. ಆದಾಗ ಏರಿದ್ದು ಮೂಲ ಬೆಲೆ, ತೆರಿಗೆಯ ದರ ಶೇ 5 ಆಗಿಯೇ ಉಳಿಯಿತು. ಪೇಪರಿನಲ್ಲಿ ದರ ಏರಿತು, ಇಳಿಯಿತು ಎಂದು ಕಂಡಾಗ "ಯಾವ ಭಾಗ?" ಎಂದು ಕೇಳುವ ಅಭ್ಯಾಸ ಇಟ್ಟುಕೊಳ್ಳಿ.

ಈಗ ನಿಜವಾಗಿ ಎಚ್ಚರ ವಹಿಸಬೇಕಾದ ವಿಷಯಕ್ಕೆ ಬರೋಣ.

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸುಗಳು ಬಂದವು. ಹಿಂದಿನ ವರ್ಷಗಳಲ್ಲಿ ಯುಪಿಐ ಮೂಲಕ ಬಂದ ಹಣವನ್ನು ಕೂಡಿಸಿ ನೋಡಿ ಕಳಿಸಿದ್ದು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ರೂ. ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸೇವೆಯಾದರೆ ಮಿತಿ 20 ಲಕ್ಷ. ಅಂಗಡಿಯವರು ಸ್ಕ್ಯಾನರ್ ತೆಗೆದು "ನಗದು ಮಾತ್ರ" ಎಂದು ಬೋರ್ಡು ಹಾಕಿದರು. ಪ್ರತಿಭಟನೆಗೆಂದು ಹಲವರು ಹಾಲು ಮಾರುವುದನ್ನು ನಿಲ್ಲಿಸಿ ಕಪ್ಪು ಚಹಾ ಕೊಟ್ಟರು. ಜುಲೈ 23ರಂದು ಮುಖ್ಯಮಂತ್ರಿಗಳು ಸಭೆ ಕರೆದು, ಹಾಲು, ತರಕಾರಿಯಂಥ ವಿನಾಯಿತಿ ಇರುವ ಸರಕಿಗೆ ತೆರಿಗೆ ಕೇಳುವುದಿಲ್ಲ, ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದ ಮೇಲೆ 25ರ ಬಂದ್ ಕೈಬಿಟ್ಟರು.

ಹಾಲು ಮಾತ್ರ ಮಾರುವವರಿಗೆ ಇದರಿಂದ ಭಯವಿಲ್ಲ. ವಿನಾಯಿತಿ ಇರುವ ಸರಕನ್ನಷ್ಟೇ ಮಾರುವವರು ವಹಿವಾಟು ಎಷ್ಟೇ ಇದ್ದರೂ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ವರ್ತನೆ ಹಾಲಿನ ದುಡ್ಡನ್ನು ಫೋನಿನಲ್ಲಿ ತಗೊಳ್ಳಿ, ಪರವಾಗಿಲ್ಲ. ತೊಡಕು ಬೇರೆ ಕಡೆ ಇದೆ. ಮಗ ಟೀ ಅಂಗಡಿ ಇಟ್ಟಿರುತ್ತಾನೆ, ಅವನ ಖಾತೆ ಸಾಲಕ್ಕೆ ಸಿಕ್ಕಿಕೊಂಡಿರುತ್ತದೆ. "ಅಮ್ಮಾ, ನಿನ್ನ ಹೆಸರಲ್ಲಿ ಒಂದು ಸ್ಕ್ಯಾನರ್ ಮಾಡಿಸೋಣ" ಎನ್ನುತ್ತಾನೆ. ಹೂಂ ಎಂದರೆ ಅಂಗಡಿಯ ದಿನದ ವ್ಯಾಪಾರವೆಲ್ಲ ನಿಮ್ಮ ಖಾತೆಗೆ, ನಿಮ್ಮ ಪ್ಯಾನ್ ನಂಬರಿಗೆ ಬಂದು ಬೀಳುತ್ತದೆ. ನೋಟಿಸ್ ಬಂದರೆ ಬರುವುದು ನಿಮ್ಮ ಹೆಸರಿಗೆ. ಅಂಗಡಿಯ ಜಿಎಸ್‌ಟಿ ನೋಂದಣಿಯನ್ನೂ ನಿಮ್ಮ ಅಥವಾ ನಿಮ್ಮ ಯಜಮಾನರ ಹೆಸರಿನಲ್ಲಿ ಮಾಡಿಸಿದರೆ ಇನ್ನೊಂದು ಪೆಟ್ಟು ಇದೆ. ಗೃಹಲಕ್ಷ್ಮಿ ನಿಯಮದಲ್ಲಿ ಮನೆಯ ಯಜಮಾನಿ ಅಥವಾ ಅವರ ಪತಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ತಿಂಗಳ 2,000 ರೂ. ಸಿಗುವುದಿಲ್ಲ. ವರ್ಷಕ್ಕೆ 24,000. ಮಗನಿಗೆ ಸಹಾಯ ಮಾಡಬೇಡಿ ಎನ್ನುತ್ತಿಲ್ಲ. ಅವನ ಅಂಗಡಿ ಅವನ ಹೆಸರಿನಲ್ಲಿ, ಅವನ ಖಾತೆಯಲ್ಲಿ ನಡೆಯಲಿ.

ಅದೇ ನಿಯಮವನ್ನು ಮತ್ತೊಮ್ಮೆ ಓದಿ. ಅದರಲ್ಲಿ ಖಾತೆಗೆ ಎಷ್ಟು ಹಣ ಬಂತು ಎಂಬ ಮಾತು ಎಲ್ಲೂ ಇಲ್ಲ. ಹಾಲಿನ ಬಟವಾಡೆ ಬಂದ ಕಾರಣಕ್ಕೆ ಗೃಹಲಕ್ಷ್ಮಿ ನಿಲ್ಲುವುದಿಲ್ಲ. ತೆರಿಗೆ ಕಟ್ಟದಿದ್ದರೂ 'ತೆರಿಗೆದಾರರು' ಎಂದು ತೋರಿಸಿ ಹಣ ನಿಂತಿದ್ದರೆ, ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಆಧಾರ್, ಪ್ಯಾನ್, ರೇಷನ್ ಕಾರ್ಡ್ ಪ್ರತಿಯ ಜೊತೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಆದಾಯ ತೆರಿಗೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ: ಹಾಲಿನ ಆದಾಯವೂ ಕೃಷಿ ಆದಾಯ, ತೆರಿಗೆಯೇ ಇಲ್ಲ ಎಂದು. ರಾಗಿ, ತರಕಾರಿ, ರೇಷ್ಮೆಗೆ ಬೆಳೆದ ಹಿಪ್ಪುನೇರಳೆ ಸೊಪ್ಪು ಕೃಷಿ ಆದಾಯ. ಹೈನುಗಾರಿಕೆ ಕಾನೂನಿನ ಲೆಕ್ಕದಲ್ಲಿ ವ್ಯವಹಾರ. ಹೆದರಬೇಡಿ, ಲೆಕ್ಕ ಹಾಕೋಣ. ಎರಡು ಹಸು, ವರ್ಷದ ಸರಾಸರಿಯಲ್ಲಿ ದಿನಕ್ಕೆ 16 ಲೀಟರ್, ಲೆಕ್ಕಕ್ಕೆಂದು ಲೀಟರಿಗೆ 38 ರೂ. ಇಟ್ಟುಕೊಳ್ಳಿ. ವರ್ಷಕ್ಕೆ 5,840 ಲೀಟರ್, 2,21,920 ರೂ. ಇದರಲ್ಲಿ ಪಶು ಆಹಾರ, ಮೇವು, ಔಷಧ, ವಿಮೆ ಕಳೆಯಬೇಕು. ಉಳಿಯುವುದೇ ಆದಾಯ. 2025ರ ಫೆಬ್ರವರಿ 1ರ ಕೇಂದ್ರ ಬಜೆಟ್ ಪ್ರಕಾರ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ, ರಿಯಾಯಿತಿ ಸೇರಿ 12 ಲಕ್ಷದ ಆದಾಯದವರೆಗೂ ಕಟ್ಟುವುದೇನೂ ಇರುವುದಿಲ್ಲ. ಆ ಬಜೆಟ್ಟಿಗೆ ಜಯನಗರ, ಜೆ.ಪಿ. ನಗರದ ಸಂಬಳದ ಮನೆಗಳಲ್ಲಿ ಸಂತೋಷವಾಯಿತು. ಎರಡು ಹಸುವಿನ ಮನೆಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇಪ್ಪತ್ತು ಮೂವತ್ತು ಹಸು ಕಟ್ಟಿದವರು, ಜಾಗದ ಬಾಡಿಗೆ ಬರುವವರು ಮಾತ್ರ ಒಮ್ಮೆ ಆಡಿಟರ್ ಬಳಿ ಕೇಳಿಕೊಳ್ಳುವುದು ಒಳ್ಳೆಯದು.

ರೇಷನ್ ಕಾರ್ಡಿನ ವಿಷಯ ಸ್ವಲ್ಪ ಸೂಕ್ಷ್ಮ. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂ. ಮೀರಬಾರದು ಎಂಬ ಮಿತಿ ಇದೆ. ಇಲ್ಲಿ ಬಟವಾಡೆಯ ಮೊತ್ತವನ್ನೇ ಆದಾಯ ಎಂದು ಬರೆಸಿಬಿಟ್ಟರೆ ತೊಂದರೆ. ಅದಕ್ಕೇ ಆಹಾರದ ಚೀಟಿ, ಔಷಧದ ಬಿಲ್ಲು ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಡಿ ಎಂದು ಹೇಳುವುದು. ಖರ್ಚಿಗೆ ಸಾಕ್ಷಿ ಇಲ್ಲದಿದ್ದರೆ ನಿಮ್ಮ ಮಾತು ನಿಲ್ಲುವುದಿಲ್ಲ. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಬಹಳ ಕಾರ್ಡುಗಳು ರದ್ದಾದವು. ಜನ ಆಹಾರ ಇಲಾಖೆ ಕಚೇರಿಗಳ ಮುಂದೆ ನಿಂತು ಕೇಳಿದ ಮೇಲೆ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರದ್ದನ್ನು ಬಿಟ್ಟು ಉಳಿದವರಿಗೆ ಕಾರ್ಡು ವಾಪಸ್ ಕೊಡುವಂತೆ ಮುಖ್ಯಮಂತ್ರಿಗಳು ಸೂಚಿಸಿದರು. ಒಂದು ಮಾತು ನೆನಪಿರಲಿ: ಬಿಪಿಎಲ್ ಹೋಗಿ ಎಪಿಎಲ್ ಆದರೂ ಗೃಹಲಕ್ಷ್ಮಿ ತಾನಾಗಿ ಹೋಗುವುದಿಲ್ಲ, ಎಪಿಎಲ್ ಕಾರ್ಡಿನ ಯಜಮಾನಿಯೂ ಅದಕ್ಕೆ ಅರ್ಹಳೇ.

ಖಾತೆ ನಿಮ್ಮ ಹೆಸರಿನಲ್ಲೇ ಇರಲಿ ಎಂದು ಇಷ್ಟು ಒತ್ತಿ ಹೇಳಲು ಎರಡು ಕಾರಣಗಳಿವೆ. ಒಂದು, ಸರ್ಕಾರದ ಪ್ರೋತ್ಸಾಹಧನ. 2008ರಲ್ಲಿ ಲೀಟರಿಗೆ 2 ರೂ. ಎಂದು ಶುರುವಾದದ್ದು 2013ರಲ್ಲಿ 4 ರೂ. ಆಗಿ, ಆಮೇಲೆ 5 ರೂ. ಆಯಿತು. ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ, ಸದಸ್ಯರ ಆಧಾರ್ ಜೋಡಿಸಿದ ಖಾತೆಗೆ ನೇರವಾಗಿ ಬರುತ್ತದೆ. ವರ್ತನೆ ಹಾಲಿಗೆ ಇದು ಇಲ್ಲ. ದಿನಕ್ಕೆ 10 ಲೀಟರಿಗೆ ತಿಂಗಳಿಗೆ 1,500 ರೂ. ಆಗುತ್ತದೆ. ಹಾಲು ಕರೆಯುವವರು ನೀವು, ಸದಸ್ಯತ್ವ ಯಜಮಾನರದ್ದು ಎಂದಾದರೆ ಈ ಹಣವೂ ಅವರ ಖಾತೆಗೇ. ಎರಡು, ಸಾಲ. 2025ರ ಜನವರಿ 1ರಿಂದ ಅಡಮಾನವಿಲ್ಲದ ಕೃಷಿ ಸಾಲದ ಮಿತಿಯನ್ನು ರಿಸರ್ವ್ ಬ್ಯಾಂಕ್ 1.60 ಲಕ್ಷದಿಂದ 2 ಲಕ್ಷ ರೂಪಾಯಿಗೆ ಏರಿಸಿದೆ, ಹೈನುಗಾರಿಕೆಯೂ ಅದರಲ್ಲಿ ಸೇರಿದೆ. ಬ್ಯಾಂಕಿನವರು ಮೊದಲು ಕೇಳುವುದು ಹಾಲಿನ ಹಣ ಯಾರ ಖಾತೆಗೆ ಬರುತ್ತಿದೆ ಎಂದು. ಹೆದರಿ ಹೆಸರು ಬದಲಾಯಿಸಿದವರಿಗೆ ಅಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ.

ಪ್ರೋತ್ಸಾಹಧನ ಬಜೆಟ್ಟಿನಿಂದ ಬರುವ ಹಣ. 2023ರ ಚುನಾವಣೆ ವೇಳೆ ಅದನ್ನು 7 ರೂ. ಮಾಡುವ ಭರವಸೆ ಪ್ರಣಾಳಿಕೆಯಲ್ಲಿ ಇತ್ತು. 2025ರ ಮಾರ್ಚ್ 7ರ ರಾಜ್ಯ ಬಜೆಟ್‌ನಲ್ಲಿ ಗ್ಯಾರಂಟಿ ಯೋಜನೆಗಳಿಗೆ 51,034 ಕೋಟಿ ರೂ. ಇಟ್ಟಾಗ ಒಬ್ಬರು ಹೊರೆ ಎಂದರು, ಇನ್ನೊಬ್ಬರು ಆಸರೆ ಎಂದರು. ಆ ಚರ್ಚೆ ನಡೆಯಲಿ. ನಮ್ಮ ಲೀಟರಿನ ಲೆಕ್ಕವನ್ನು ನಾವೇ ಕೇಳಬೇಕು, ಬಜೆಟ್ ಓದಿ ಮುಗಿದ ಮೇಲಲ್ಲ, ಅದಕ್ಕೆ ಮೊದಲು. ಸಂಘದ ವಾರ್ಷಿಕ ಸರ್ವಸದಸ್ಯರ ಸಭೆ ಸೆಪ್ಟೆಂಬರ್ ಒಳಗೆ ನಡೆಯುತ್ತದೆ. ಅಲ್ಲಿ ಪ್ರೋತ್ಸಾಹಧನ ಎಷ್ಟು ತಿಂಗಳು ಬಾಕಿ ಇದೆ, ಹಿಂಡಿಗೆ ಎಷ್ಟು ಏರಿದೆ ಎಂದು ಅಂಕಿ ಸಮೇತ ನಿರ್ಣಯ ಬರೆಸಿ ಒಕ್ಕೂಟಕ್ಕೆ ಕಳಿಸಿ. ಸಭೆಯಲ್ಲಿ ಕೈ ಎತ್ತುವ ಹಕ್ಕು ಸದಸ್ಯರಿಗೆ ಮಾತ್ರ. ನಿಮ್ಮ ಹೆಸರಿನಲ್ಲಿ ಷೇರು ಇದೆಯೋ ಇಲ್ಲವೋ ಎಂದು ನಾಳೆ ಹಾಲು ಹಾಕುವಾಗಲೇ ಕಾರ್ಯದರ್ಶಿಯವರ ಬಳಿ ಪುಸ್ತಕ ತೆಗೆಸಿ ನೋಡಿ. ಇಲ್ಲದಿದ್ದರೆ ಆಧಾರ್ ಪ್ರತಿ, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ಎರಡು ಫೋಟೊ ಜೊತೆಗಿಟ್ಟುಕೊಂಡು ಅರ್ಜಿ ಕೇಳಿ.