ಬೆವರಿಗೆ ಸಿಕ್ಕ ಆಂಟೆನಾ ಮತ್ತು ಕಸೂತಿಯ ಪಾಠ

ಏಪ್ರಿಲ್ ಮಧ್ಯಾಹ್ನ ಮನಗೂಳಿ ಸುತ್ತಿನ ಎರೆ ಹೊಲಗಳಲ್ಲಿ ಬಿಸಿಲು 40 ಡಿಗ್ರಿ ದಾಟೋದು ಹೊಸದಲ್ಲ. ಅಲ್ಲಿ ದುಡಿಯೋರಿಗೆ ಮೈ ಕಾವು ಮಿತಿ ಮೀರಿದ್ದು ಎಷ್ಟೋ ಸಲ ತಲೆ ಸುತ್ತು ಬಂದ ಮೇಲೇ ಗೊತ್ತಾಗುತ್ತೆ. ಅಂಗಿಯಲ್ಲೇ ಒಂದು ಸೆನ್ಸರ್ ಇದ್ದು, ಬ್ಲೂಟೂತ್ ಮೂಲಕ ಫೋನಿಗೆ ಮೊದಲೇ ಎಚ್ಚರಿಕೆ ಕಳಿಸಿದರೆ ಹೇಗೆ? ಸೆನ್ಸರ್, ಚಿಪ್ ಎರಡೂ ಉಗುರಿನಷ್ಟು ಚಿಕ್ಕವು ಸಿಗುತ್ತವೆ. ತೊಂದರೆ ಇರೋದು ಆಂಟೆನಾದಲ್ಲಿ. ಮೈಗೆ ಅಂಟಿಕೊಂಡ ಪುಟ್ಟ ಆಂಟೆನಾದ ಶಕ್ತಿಯನ್ನು ನೀರೇ ತುಂಬಿರುವ ನಮ್ಮ ದೇಹ ಹೀರಿಬಿಡುತ್ತೆ. ದೊಡ್ಡದು ಬೇಕು ಅಂತ ಗಟ್ಟಿ ಬೋರ್ಡನ್ನು ಬೆನ್ನಿಗೆ ಕಟ್ಟಿಕೊಂಡು ಹೊಲದ ಕೆಲಸ ಮಾಡೋಕಾಗಲ್ಲ. ಅದಕ್ಕೇ ಆಂಟೆನಾವನ್ನೇ ಬಟ್ಟೆ ಮೇಲೆ ಹೊಲಿಯುವ ದಾರಿ.

ದಾರ

ಸಾಮಾನ್ಯವಾಗಿ ಬಳಸೋದು ಬೆಳ್ಳಿ ಲೇಪಿಸಿದ ನೈಲಾನ್ ದಾರ. 2.45 ಗಿಗಾಹರ್ಟ್ಸ್‌ನಲ್ಲಿ ಬೆಳ್ಳಿಯ ಸ್ಕಿನ್ ಡೆಪ್ತ್ ಸುಮಾರು 1.3 ಮೈಕ್ರೋಮೀಟರ್. ಲೇಪನ ಅದಕ್ಕಿಂತ ತೆಳುವಾದರೆ ನಷ್ಟ ಜಾಸ್ತಿ. ಇನ್ನೊಂದು ಮಾತು: ಈ ದಾರಕ್ಕೆ ಸೋಲ್ಡರ್ ಹಾಕೋಕೆ ಹೋದರೆ ನೈಲಾನ್ ಕರಗುತ್ತೆ. ಹಾಗಾಗಿ ಬೋರ್ಡಿನ ತೂತಿಗೆ ದಾರವನ್ನು ಬಿಗಿಯಾಗಿ ಹೊಲಿದೇ ಜೋಡಿಸಬೇಕು.

ಅಳತೆ

2.45 ಗಿಗಾಹರ್ಟ್ಸ್ ಅಲೆಯ ಉದ್ದ ಗಾಳಿಯಲ್ಲಿ 122 ಮಿಲಿಮೀಟರ್, ಅದರ ಅರ್ಧ 61. ಪ್ಯಾಚ್ ಆಂಟೆನಾದಲ್ಲಿ ಈ ಅರ್ಧವನ್ನು ಬಟ್ಟೆಯ ಪರ್ಮಿಟಿವಿಟಿಯ ವರ್ಗಮೂಲದಿಂದ ಭಾಗಿಸಬೇಕು. ಡೆನಿಮ್‌ಗೆ 1.6 ಅಂತ ಹಿಡಿದರೆ ಸುಮಾರು 48 ಮಿಲಿಮೀಟರ್ ಬರುತ್ತೆ. ಅಂಚಿನ ಫ್ರಿಂಜಿಂಗ್‌ನಿಂದ ಇನ್ನೂ ಸ್ವಲ್ಪ ಕಡಿಮೆ. ಅಂದ್ರೆ ಅಂಗಿಯ ಜೇಬಿನೊಳಗೆ ಕೂರುವ ಅಳತೆ. ಮೇಲೆ ಕಸೂತಿಯ ಪ್ಯಾಚ್, ನಡುವೆ ಡೆನಿಮ್, ಕೆಳಗೆ ಲೋಹ ಲೇಪಿಸಿದ ಬಟ್ಟೆಯ ಗ್ರೌಂಡ್. ಈ ಗ್ರೌಂಡೇ ಆಂಟೆನಾವನ್ನು ದೇಹದಿಂದ ಕಾಪಾಡೋದು. ಪ್ಯಾಚನ್ನು ಬೇರೆ ತೆಳು ಬಟ್ಟೆಯ ಮೇಲೆ ಹೊಲಿದು ಆಮೇಲೆ ಕೂಡಿಸಿ. ಸೂಜಿ ಮೂರೂ ಪದರ ದಾಟಿದರೆ ಶಾರ್ಟ್ ಆಗುತ್ತೆ.

ಹೊಲಿಗೆ

ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಅಸಿಮಿನಾ ಕಿಯೂರ್ಟಿ, ಜಾನ್ ವೊಲಾಕಿಸ್ ತಂಡ ಮಷಿನ್ ಕಸೂತಿಯಲ್ಲಿ 0.1 ಮಿಲಿಮೀಟರ್ ನಿಖರತೆ ಸಾಧಿಸಿದ್ದನ್ನು 2016ರಲ್ಲಿ ಪ್ರಕಟಿಸಿತು. ನಿಖರತೆಯ ಪಾಠ ನಮ್ಮ ಕಡೆಯೂ ಇದೆ. ಇಳಕಲ್ ಸೀರೆ ಮೇಲಿನ ಕಸೂತಿಯನ್ನು ಮೊದಲೇ ಚಿತ್ರ ಬರೆದುಕೊಳ್ಳದೆ, ಬಟ್ಟೆಯ ಎಳೆ ಎಣಿಸಿ ಹಾಕ್ತಾರೆ. ಗವಂತಿ ಮತ್ತು ಮುರ್ಗಿ ಹೊಲಿಗೆಗಳಲ್ಲಿ ದಾರ ಒಂದು ಸಲ ಬಿಟ್ಟು ಬಿಟ್ಟು ಹೋಗಿ, ವಾಪಸ್ ಬರುವಾಗ ಖಾಲಿ ಜಾಗ ತುಂಬುತ್ತೆ. ಅದಕ್ಕೇ ಎರಡೂ ಬದಿ ಒಂದೇ ಥರ ಕಾಣೋದು.

ಇದನ್ನೇ ಸರ್ಕಿಟ್ ಅಂತ ನೋಡಿ. ಪ್ರತಿ ತುಣುಕಿನಲ್ಲೂ ಮೇಲೊಂದು, ಕೆಳಗೊಂದು ದಾರ, ಅಂದ್ರೆ ಎರಡು ವಾಹಕಗಳು ಪ್ಯಾರಲಲ್ ಆಗಿ ಇದ್ದು, ತೂತು ತೂತಿಗೂ ಒಂದನ್ನೊಂದು ಮುಟ್ಟುತ್ತವೆ. ಒಂದು ಎಳೆ ಹರಿದರೂ ಕರೆಂಟಿಗೆ ಇನ್ನೊಂದು ದಾರಿ ಉಳಿಯುತ್ತೆ. ಇನ್ನು ಮೆಟ್ಟಿಲಿನಂತೆ ಅಂಕುಡೊಂಕಾಗಿ ಸಾಗುವ ಮುರ್ಗಿ, ಪುಸ್ತಕದಲ್ಲಿ ನಾವು ಓದುವ ಮಿಯಾಂಡರ್ ಡೈಪೋಲ್‌ನ ಹತ್ತಿರದ ನೆಂಟ. ಭಾರತದ ಆರ್‌ಎಫ್‌ಐಡಿ ಬ್ಯಾಂಡಿನ 866 ಮೆಗಾಹರ್ಟ್ಸ್‌ನಲ್ಲಿ ಅರ್ಧ ಅಲೆ 173 ಮಿಲಿಮೀಟರ್. ಹೀಗೆ ಮಡಿಚಿದರೆ ಕಾಲರ್ ಪಟ್ಟಿಯಲ್ಲೂ ಹಿಡಿಸಬಹುದು.

ಬೆವರು

ಈಗ ಮತ್ತೆ ಹೊಲಕ್ಕೆ ಬರೋಣ. ನೀರಿನ ಪರ್ಮಿಟಿವಿಟಿ ಸುಮಾರು 80. ಬೆವರು ಇಂಗಿ ಡೆನಿಮ್‌ನ ಮೌಲ್ಯ 1.6ರಿಂದ ಬರೀ 1.9ಕ್ಕೆ ಏರಿತು ಅಂತ ಇಟ್ಟುಕೊಳ್ಳಿ. ಆಂಟೆನಾ 2.45 ಬಿಟ್ಟು 2.25 ಗಿಗಾಹರ್ಟ್ಸ್‌ಗೆ ಇಳಿಯುತ್ತೆ. ಬ್ಲೂಟೂತ್ ಬ್ಯಾಂಡ್ ಇರೋದು 2400ರಿಂದ 2483.5 ಮೆಗಾಹರ್ಟ್ಸ್, ಅಂದ್ರೆ ಆಂಟೆನಾ ಬ್ಯಾಂಡಿನಿಂದಲೇ ಹೊರಗೆ. ಜೊತೆಗೆ ಒದ್ದೆ ಬಟ್ಟೆಯಲ್ಲಿ ನಷ್ಟವೂ ಹೆಚ್ಚು. ಮೈ ಅತಿ ಹೆಚ್ಚು ಬೆವರುವ ಹೊತ್ತಿಗೇ, ಎಚ್ಚರಿಕೆ ಹೋಗಲೇಬೇಕಾದಾಗಲೇ, ಸಿಗ್ನಲ್ ಬೀಳುತ್ತೆ! ಎಸಿ ಲ್ಯಾಬಿನಲ್ಲಿ ಅಳೆದು ಖುಷಿಪಟ್ಟರೆ ಇದು ಕಾಣಲ್ಲ. ನಡುವಿನ ಪದರಕ್ಕೆ ನೀರು ಕಡಿಮೆ ಹೀರುವ ಪಾಲಿಯೆಸ್ಟರ್ ಫೆಲ್ಟ್ ಹಾಕೋದು, ಬ್ಯಾಂಡ್‌ವಿಡ್ತ್ ಹಿಗ್ಗಿಸೋದು, ಹೊಸ ಪದರಕ್ಕೆ ಪ್ಯಾಚಿನ ಅಳತೆ ಮತ್ತೆ ಲೆಕ್ಕ ಹಾಕೋದು ಮೊದಲ ಉಪಾಯಗಳು.

ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದರೆ ಇದು ಒಳ್ಳೇದು. ನೆಟ್‌ವರ್ಕ್ ಅನಲೈಸರ್‌ನಲ್ಲಿ ಒಣಗಿದ್ದಾಗ, ಉಪ್ಪುನೀರಲ್ಲಿ ನೆನೆಸಿದಾಗ, ಹತ್ತು ಸಲ ಒಗೆದ ಮೇಲೆ, ಹೀಗೆ ಮೂರು ಸಲ ಎಸ್11 ಅಳೆದು ಒಂದೇ ಗ್ರಾಫಿನಲ್ಲಿ ಹಾಕಿ ನೋಡಿ. ಹೊಲಿಯೋಕೆ ಕಸೂತಿ ಬಲ್ಲ ಅವ್ವನೋ ಅಜ್ಜಿಯೋ ಸಿಕ್ಕರೆ ಅರ್ಧ ಕೆಲಸ ಹಗುರ. ಅವರ ಹೆಸರನ್ನು ರಿಪೋರ್ಟಿನ ಕೃತಜ್ಞತೆಯ ಪುಟದಲ್ಲಲ್ಲ, ತಂಡದ ಪಟ್ಟಿಯಲ್ಲೇ ಬರೆಯೋಣ.